ಎಂ-ಸ್ಯಾಂಡ್ ಅಂದ್ರೆ ಬರೀ ಕ್ರಷರ್ ಧೂಳಾ?

ಮೈಸೂರು ಕಡೆ ಮನೆ ಕಟ್ಟಿಸುವವರ ಫೋನಿಗೆ ಒಂದು ಮೆಸೇಜ್ ಬರುತ್ತಿರುತ್ತದೆ: "ಎಂ-ಸ್ಯಾಂಡ್ ಬರೀ ಕ್ರಷರ್ ಧೂಳು. ಕ್ವಾರಿ ದೊಡ್ಡದು ಮಾಡೋಕೆ ಹೂಡಿದ ಆಟ. ಮನೆ ಬಿರುಕು ಬಿಡುತ್ತೆ." ಇದು ತಪ್ಪು. ಎಂ-ಸ್ಯಾಂಡ್ ಅಂದರೆ ನದಿ ಮರಳಿನ ಬದಲು ಬಳಸುವ, ಕಲ್ಲು ಒಡೆದು ಮಾಡಿದ ಮರಳು.

ಜಲ್ಲಿ ಒಡೆಯುವಾಗ ಉಳಿಯುವ ಪುಡಿ ಕ್ರಷರ್ ಧೂಳು. ಎಂ-ಸ್ಯಾಂಡ್‌ಗೆ ಗಟ್ಟಿ ಕಲ್ಲನ್ನು ಬೇರೆ ಯಂತ್ರದಲ್ಲಿ ಮತ್ತೆ ಒಡೆದು, ಕಣದ ಚೂಪು ಕಡಿಮೆ ಮಾಡಿ, ಜರಡಿ ಹಿಡಿದು, ಹೆಚ್ಚಿನ ಪುಡಿ ತೆಗೆಯುತ್ತಾರೆ. ಕಾಂಕ್ರೀಟಿಗೆ ಇದನ್ನು ಜಲ್ಲಿ-ಮರಳಿನ ಗುಣಮಟ್ಟ ಹೇಳುವ ಭಾರತೀಯ ಮಾನದಂಡ ಐಎಸ್ 383 ಒಪ್ಪುತ್ತದೆ. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಶೇ 15 ದಾಟಬಾರದು.

ಹಾಗಂತ ಕಣ್ಣುಮುಚ್ಚಿ ಕೊಳ್ಳಬೇಡಿ. ಧೂಳನ್ನೇ ಎಂ-ಸ್ಯಾಂಡ್ ಅಂತ ಸುರಿದು ಹೋಗುವವರೂ ಇರುತ್ತಾರೆ. ಲೋಡ್ ಬಂದಾಗ ಒಂದು ಹಿಡಿ ಒಣ ಸ್ಯಾಂಡ್ ಉಜ್ಜಿ ನೋಡಿ. ಅಂಗೈಗೆ ಹಿಟ್ಟಿನ ಹಾಗೆ ಮೆತ್ತಿಕೊಂಡರೆ ಅನುಮಾನ ಪಡಿ. ಗಾಜಿನ ಲೋಟದಲ್ಲಿ ನೀರು ಹಾಕಿ ಕಲಕಿಡಿ. ತಿಳಿಯಾದ ಮೇಲೆ ಮರಳಿನ ಮೇಲೆ ದಪ್ಪ ಕೆಸರು ಕೂತಿದ್ದರೆ ಪುಡಿ ಜಾಸ್ತಿ ಇದೆ. ಲ್ಯಾಬ್ ರಿಪೋರ್ಟ್ ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು ಅಲ್ವಾ?

ಕ್ವಾರಿ ಬಗ್ಗೆ ಊರಿನವರ ಆತಂಕ ಬೇರೆ, ಅದು ನ್ಯಾಯವಾದದ್ದು. ಸಿಡಿತ, ಧೂಳು, ಲಾರಿಗಳಿಂದ ಹಾಳಾಗುವ ರಸ್ತೆ ಎಲ್ಲವೂ ನಿಜ. ಆದರೆ ಕ್ವಾರಿಯನ್ನು ಸುಮ್ನೆ ಅಗಲ ಮಾಡುವಂತಿಲ್ಲ. ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆ ಪ್ರಕಾರ ವಿಸ್ತರಣೆಗೂ ಮುಂಚೆಯೇ ಪರಿಸರ ಅನುಮತಿ ಬೇಕು. ಕೆಆರ್‌ಎಸ್ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಿಲ್ಲಿಸುವಂತೆ 2024ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ನಿಮ್ಮೂರ ಪಕ್ಕ ಕ್ವಾರಿ ಬೆಳೆಯುತ್ತಿದ್ದರೆ ಪರಿಸರ ಅನುಮತಿಯ ಪ್ರತಿ ಕೇಳಿ.