ಜೆರಾನಿಮೋನನ್ನು ವಿಲನ್ ಮಾಡಿದ್ದು ಯಾಕೆ?

'ಬ್ರೋಕನ್ ಆರೋ' ಅಂತ 1950ರ ಒಂದು ಹಳೇ ವೆಸ್ಟರ್ನ್ ಸಿನಿಮಾ. ನಿರ್ದೇಶಕ ಡೆಲ್ಮರ್ ಡೇವ್ಸ್, ನಾಯಕ ಜೇಮ್ಸ್ ಸ್ಟೀವರ್ಟ್. ಆ ಕಾಲದ ಹಾಲಿವುಡ್‌ನಲ್ಲಿ ಅಪಾಚೆಗಳಿಗೆ, ಅಂದರೆ ಅಮೆರಿಕದ ಒಂದು ಮೂಲನಿವಾಸಿ ಬುಡಕಟ್ಟಿನವರಿಗೆ, ಇರುತ್ತಿದ್ದದ್ದು ಹೆಚ್ಚಾಗಿ ಒಂದೇ ಕೆಲಸ. ಕೂಗುತ್ತಾ ಗುಡ್ಡ ಇಳಿದು ಬರಬೇಕು, ಗುಂಡು ತಿಂದು ಬೀಳಬೇಕು. ಇಲ್ಲಿ ಅವರಿಗೆ ಮನೆಮಠ ಇದೆ, ಮದುವೆ ಇದೆ, ಕೊಟ್ಟ ಮಾತಿಗೆ ಬೆಲೆ ಇದೆ. ಅದಕ್ಕೇ ಈ ಸಿನಿಮಾವನ್ನು ಹೊಗಳುವವರು ಜಾಸ್ತಿ. ನನಗೂ ಇಷ್ಟವೇ. ಆದರೆ ಒಂದು ವಿಷಯಕ್ಕೆ ತಕರಾರಿದೆ: ಜೆರಾನಿಮೋ ಅನ್ನುವ ಅಪಾಚೆ ಯೋಧನನ್ನು ತೋರಿಸಿದ ರೀತಿ.

ಮೊದಲು ಇಷ್ಟವಾದದ್ದು ಹೇಳ್ತೀನಿ. ಕಥೆ ನಡೆಯುವುದು 1870ರ ಅರಿಝೋನಾದಲ್ಲಿ. ಬಿಳಿಯರಿಗೂ ಅಪಾಚೆಗಳ ಒಂದು ಪಂಗಡವಾದ ಚಿರಿಕಾವಾಗಳಿಗೂ ಹತ್ತು ವರ್ಷದಿಂದ ಹೊಡೆದಾಟ. ಟಾಮ್ ಜೆಫರ್ಡ್ಸ್ ಅನ್ನುವ ಬಿಳಿಯ ಅಪಾಚೆ ಭಾಷೆ ಕಲಿತು, ಒಬ್ಬನೇ ಅವರ ನಾಯಕ ಕೊಚೀಸ್ ಇರುವಲ್ಲಿಗೆ ಹೋಗುತ್ತಾನೆ. ಯುದ್ಧ ನಿಲ್ಲಿಸು ಅಂತ ಕೇಳುವುದಿಲ್ಲ. ಟಪಾಲು ತರುವ ಸವಾರರನ್ನು ಬಿಟ್ಟುಬಿಡು ಅನ್ನುತ್ತಾನೆ, ಅಷ್ಟೇ. ಕೊಚೀಸ್ ಒಪ್ಪುತ್ತಾನೆ. ಯುದ್ಧ ನಡೆಯುತ್ತಲೇ ಇರುತ್ತೆ, ಟಪಾಲು ಮಾತ್ರ ಊರು ತಲುಪುತ್ತೆ. ಇಷ್ಟು ಸಣ್ಣ ಬೇಡಿಕೆಯಿಂದ ಶಾಂತಿಯ ಮಾತು ಶುರುವಾಗುವುದು ನನಗೆ ತುಂಬಾ ನಂಬುವಂತೆ ಕಂಡಿತು. ಜೆಫರ್ಡ್ಸ್, ಕೊಚೀಸ್ ಇಬ್ಬರೂ ನಿಜವಾಗಿ ಇದ್ದವರು, ಅವರ ಗೆಳೆತನವೂ ನಿಜ.

ಪ್ರೇಮಕಥೆ ಬಗ್ಗೆ ಜಾಸ್ತಿ ಹೇಳಲ್ಲ. ಅಪಾಚೆ ಹುಡುಗಿಯಾಗಿ ನಟಿಸಿದ ಡೆಬ್ರಾ ಪ್ಯಾಜೆಟ್ ಆಗಿನ್ನೂ ಹದಿಹರೆಯದವಳು, ಸ್ಟೀವರ್ಟ್‌ಗೆ ನಲವತ್ತು ದಾಟಿತ್ತು. ಈಗ ನೋಡಿದರೆ ಕಸಿವಿಸಿ ಆಗುತ್ತೆ. ಕೊನೆಗೆ ಅವಳನ್ನು ಸಾಯಿಸಿ ಆ ಸಾವಿನಿಂದ ಶಾಂತಿ ಗಟ್ಟಿಯಾಯಿತು ಅನ್ನುವುದಂತೂ ಸುಮ್ನೆ ಸಿನಿಮಾ ಲೆಕ್ಕಾಚಾರ.

ಈಗ ತಕರಾರಿಗೆ ಬರೋಣ. ಕೊಚೀಸ್ ತನ್ನ ಜನರನ್ನು ಸೇರಿಸಿ ಬಾಣ ಮುರಿದು, ಇನ್ನು ಯುದ್ಧ ಬೇಡ ಅನ್ನುತ್ತಾನೆ. ಆಗ ಒಪ್ಪದೆ ಹೊರಟುಹೋಗುವವನು ಜೆರಾನಿಮೋ. ಆ ಪಾತ್ರ ಮಾಡಿದ್ದು ಜೇ ಸಿಲ್ವರ್‌ಹೀಲ್ಸ್, ಮೋಹಾಕ್ ಬುಡಕಟ್ಟಿನವನು. ಕೊಚೀಸ್ ಆಗಿದ್ದು ಬ್ರೂಕ್ಲಿನ್‌ನ ಜೆಫ್ ಚಾಂಡ್ಲರ್. ಒಳ್ಳೆಯ ನಾಯಕನ ಪಾತ್ರ ಬಿಳಿಯ ನಟನಿಗೆ, ಹಠಮಾರಿಯ ಪಾತ್ರ ನಿಜವಾದ ಮೂಲನಿವಾಸಿಗೆ! ಇನ್ನೊಂದು ಕಡೆ ಅಪಾಚೆಗಳನ್ನು ದ್ವೇಷಿಸುವ ಒಂದಿಷ್ಟು ಬಿಳಿಯರು. ಸಿನಿಮಾ ಪ್ರಕಾರ ಶಾಂತಿಗೆ ಶತ್ರುಗಳು ಇವರೇ, ಎರಡೂ ಕಡೆಯ ಕೆಟ್ಟವರು.

ನಡೆದದ್ದು ಬೇರೆಯೇ. 1861ರಲ್ಲಿ ಬಾಸ್ಕಮ್ ಅನ್ನುವ ಲೆಫ್ಟಿನೆಂಟ್, ಕೊಚೀಸ್ ಮಾಡದ ಅಪಹರಣದ ಆರೋಪ ಹೊರಿಸಿ, ಮಾತಿಗೆಂದು ಬಂದವನನ್ನು ಹಿಡಿಯಲು ನೋಡಿದ. ಕೊಚೀಸ್ ಡೇರೆ ಸೀಳಿಕೊಂಡು ತಪ್ಪಿಸಿಕೊಂಡ. ಆಮೇಲೆ ಸೈನಿಕರು ಅವನ ತಮ್ಮನನ್ನು ಗಲ್ಲಿಗೇರಿಸಿದರು. ಸಿನಿಮಾದಲ್ಲೂ ಇದರ ಮಾತು ಬರುತ್ತೆ. ಆದರೆ ಎಳಸು ಅಧಿಕಾರಿಯೊಬ್ಬ ಮಾಡಿದ ತಪ್ಪು ಅನ್ನುವ ಹಾಗೆ ಬಂದು ಹೋಗುತ್ತೆ.

1872ರಲ್ಲಿ ಒಂದೇ ಕೈಯ ಜನರಲ್ ಹೋವರ್ಡ್ ಡ್ರಗೂನ್ ಬೆಟ್ಟಗಳಿಗೆ ಬಂದು ಕೊಚೀಸ್ ಜೊತೆ ಒಪ್ಪಂದ ಮಾಡಿಕೊಂಡ. ಚಿರಿಕಾವಾಗಳಿಗೆ ಅವರ ನೆಲದಲ್ಲೇ ಮೀಸಲು ಪ್ರದೇಶ, ಉಸ್ತುವಾರಿಗೆ ಜೆಫರ್ಡ್ಸ್. ತಮಾಷೆ ನೋಡಿ, ನಿಜವಾದ ಜೆರಾನಿಮೋ ಈ ಒಪ್ಪಂದದ ವಿರೋಧಿಯೇ ಅಲ್ಲ. 1906ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಹೋವರ್ಡ್‌ನನ್ನು ಬಾಯಿತುಂಬಾ ಹೊಗಳಿದ್ದಾನೆ. ಆ ಮನುಷ್ಯ ಕೊಟ್ಟ ಮಾತು ಉಳಿಸಿಕೊಂಡ, ಅಮೆರಿಕದ ಅಧಿಕಾರಿಗಳಲ್ಲಿ ಅಷ್ಟು ಒಳ್ಳೆಯ ಗೆಳೆಯ ನಮಗೆ ಸಿಗಲೇ ಇಲ್ಲ ಅಂತ.

ಹಾಗಾದರೆ ಶಾಂತಿ ಮುರಿದವರು ಯಾರು? 1874ರಲ್ಲಿ ಕೊಚೀಸ್ ತೀರಿಕೊಂಡ. ಮೀಸಲು ಪ್ರದೇಶ ಮೆಕ್ಸಿಕೋ ಗಡಿಗೆ ತಾಗಿಕೊಂಡಿತ್ತು. ಗಡಿ ದಾಟಿ ದಾಳಿ ಮಾಡುವುದು ಪೂರ್ತಿ ನಿಂತಿರಲಿಲ್ಲ, ನಿಜ. 1876ರಲ್ಲಿ ಕುಡಿತದ ಜಗಳದಲ್ಲಿ ವಿಸ್ಕಿ ಮಾರುವ ಇಬ್ಬರು ಬಿಳಿಯರ ಕೊಲೆಯಾಯಿತು. ಇಷ್ಟು ಸಾಕಾಯಿತು ಸರ್ಕಾರಕ್ಕೆ. ಮೀಸಲು ಪ್ರದೇಶವನ್ನೇ ಮುಚ್ಚಿ, ಜನರನ್ನು ಸ್ಯಾನ್ ಕಾರ್ಲೋಸ್ ಅನ್ನುವ ಬೇರೊಂದು ಮೀಸಲು ಪ್ರದೇಶಕ್ಕೆ ಎಬ್ಬಿಸಿತು. ಕೊಚೀಸ್‌ನ ದೊಡ್ಡ ಮಗ ತಾಝಾ ತಕರಾರಿಲ್ಲದೆ ಹೊರಟ. ಅದೇ ವರ್ಷ ಅವನನ್ನು ವಾಷಿಂಗ್ಟನ್‌ಗೆ ಕರೆದುಕೊಂಡು ಹೋದರು. ಅಲ್ಲೇ ನ್ಯುಮೋನಿಯಾದಿಂದ ಸತ್ತ. ಜೆರಾನಿಮೋ ತಪ್ಪಿಸಿಕೊಂಡು ಓಡಿಹೋಗಿದ್ದು ಈ ಎತ್ತಂಗಡಿಯ ಹೊತ್ತಿನಲ್ಲಿ. ಅಂದರೆ ಒಪ್ಪಂದ ಆದ ನಾಲ್ಕು ವರ್ಷಕ್ಕೆ, ಅದನ್ನು ಸರ್ಕಾರವೇ ಮುರಿದಾಗ.

1886ರಲ್ಲಿ ಜೆರಾನಿಮೋ ಶರಣಾದ. ಚಿರಿಕಾವಾಗಳನ್ನು ರೈಲು ಹತ್ತಿಸಿ ಫ್ಲಾರಿಡಾಕ್ಕೆ ಕಳಿಸಿದರು. ಅವನನ್ನು ಹುಡುಕಲು ಸೈನ್ಯಕ್ಕೆ ದುಡಿದ ಅಪಾಚೆ ಸ್ಕೌಟ್‌ಗಳನ್ನೂ ಬಿಡಲಿಲ್ಲ. ಅವರೆಲ್ಲ 1913ರವರೆಗೆ ಯುದ್ಧಕೈದಿಗಳು. ಆ ಸೆರೆಯಲ್ಲೇ ಹುಟ್ಟಿದ ಮಕ್ಕಳೂ ಕೈದಿಗಳೇ.

ಎರಡು ಗಂಟೆಯೂ ಇಲ್ಲದ ಸಿನಿಮಾದಲ್ಲಿ ಇದೆಲ್ಲ ಹೇಗೆ ತೋರಿಸೋದು ಅಂತ ಕೇಳಬಹುದು. ತೋರಿಸೋದು ಬೇಡ. ಆದರೆ ಸರ್ಕಾರ ಮುರಿದದ್ದನ್ನು ಬಿಟ್ಟು, ಮುರಿಯದವನನ್ನು ಎದ್ದುಹೋದವನ ಜಾಗದಲ್ಲಿ ನಿಲ್ಲಿಸಬೇಕಿತ್ತಾ?

ಒಂದು ಕಾರಣ ನನಗೆ ತೋಚುತ್ತೆ. ಚಿತ್ರಕಥೆ ಬರೆದದ್ದು ಆಲ್ಬರ್ಟ್ ಮಾಲ್ಟ್ಸ್. ಕಮ್ಯುನಿಸ್ಟ್ ಬೇಟೆಯ ಕಾಲ ಅದು. ಕಮ್ಯುನಿಸ್ಟಾ ಅಂತ ಕೇಳಿದ ಅಮೆರಿಕ ಸಂಸತ್ತಿನ ವಿಚಾರಣಾ ಸಮಿತಿಗೆ ಉತ್ತರ ಕೊಡಲು ಒಪ್ಪದ ಹತ್ತು ಸಿನಿಮಾ ಮಂದಿಗೆ 'ಹಾಲಿವುಡ್ ಟೆನ್' ಅಂತ ಹೆಸರು, ಅವರ ಪೈಕಿ ಅವನೂ ಒಬ್ಬ. ಸಿನಿಮಾ ಬಿಡುಗಡೆ ಆಗುವಾಗ ಜೈಲಿನಲ್ಲಿದ್ದ. ತೆರೆಯ ಮೇಲೆ ಬಂದದ್ದು ಗೆಳೆಯ ಮೈಕೆಲ್ ಬ್ಲಾಂಕ್‌ಫೋರ್ಟ್ ಹೆಸರು. ಹೆಸರನ್ನೇ ಮುಚ್ಚಿಟ್ಟು ಬರೆಯಬೇಕಿದ್ದ ಮನುಷ್ಯ ವಾಷಿಂಗ್ಟನ್ ಕಡೆಗೆ ಬೆರಳು ತೋರಿಸಿ ಬರೆದಿದ್ದರೆ ಸ್ಟುಡಿಯೋ ಬಿಡುತ್ತಿತ್ತಾ? ನನಗಂತೂ ಅನುಮಾನ.

ನೋಡಿಲ್ಲದವರು ನೋಡಿ, ಚೆನ್ನಾಗಿದೆ. ಜೆರಾನಿಮೋ ಎದ್ದು ಹೋಗುವ ದೃಶ್ಯದಲ್ಲಿ ನೀವು ಯಾರ ಪರ ಅಂತ ಕಾಮೆಂಟ್‌ನಲ್ಲಿ ಹೇಳಿ. ಜಗಳಕ್ಕೆ ನಾನು ರೆಡಿ.