ಎಷ್ಟು ವರ್ಷ ಬರುತ್ತಪ್ಪಾ ಇದು?

ತಿಪಟೂರಿನಿಂದ ವಾಪಸ್ ಬಂದು ಎರಡು ಗಂಟೆಯಾಯ್ತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ ಹೊಸ ಫೋನ್ ಕೊಡಿಸೋಕೆ ಹೋಗಿದ್ದೆವು. ಮೊದಲು ಹೊಕ್ಕ ಅಂಗಡಿಯಲ್ಲಿ ಹುಡುಗ ನಾಲ್ಕು ಡಬ್ಬಿ ತೆಗೆದು ಸಾಲಾಗಿ ಇಟ್ಟ. ಐವತ್ತು ಮೆಗಾಪಿಕ್ಸೆಲ್ ಅಂದ. ಎಂಟು ಜಿಬಿ ರ್‍ಯಾಮ್ ಅಂದ. ಎಐ ಕ್ಯಾಮೆರಾ, ಫೈವ್ ಜಿ, ಹಿಂದುಗಡೆ ಹೊಳೆಯೋ ಬಣ್ಣ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು: "ಎಷ್ಟು ವರ್ಷ ಬರುತ್ತಪ್ಪಾ ಇದು?"

ಹುಡುಗ ನಕ್ಕುಬಿಟ್ಟ. "ಒಂದು ವರ್ಷ ವಾರಂಟಿ ಇದೆ ಯಜಮಾನ್ರೆ. ಆಮೇಲೆ ಹೆಂಗೂ ಹೊಸದು ತಗೊಳ್ತೀರಲ್ಲ."

ಆ ನಗು ನನಗೆ ಚುಚ್ಚಿತು. ಹುಡುಗನ ಮೇಲೆ ಕೋಪ ಇಲ್ಲ, ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ. ಆದರೆ ಆ ಅಂಗಡಿಯಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ ಅದೊಂದೇ. ಅದನ್ನು ಕೇಳಿದ್ದು ಅಪ್ಪ ಒಬ್ಬರೇ. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ನಮ್ಮದು ತೆಂಗಿನ ತೋಟ, ಮನೆಯಲ್ಲಿ ಕೊಬ್ಬರಿಗೆ ಕಾಯಿ ಒಣಗಿಸೋ ಅಟ್ಟ ಇದೆ. ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಕೂರುತ್ತೆ. ಒಳಗಿನ ನೀರು ಇಂಗಿ ಗಿಟುಕು, ಅಂದರೆ ಒಣ ಕೊಬ್ಬರಿ, ಆಗಬೇಕು. ಅಪ್ಪ ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಟಗಟ ಅಂದರೆ ಸುಲಿಯೋಕೆ ಹಾಕುತ್ತಾರೆ, ಇಲ್ಲಾಂದ್ರೆ ವಾಪಸ್ ಅಟ್ಟಕ್ಕೆ. ಇಂಥ ಮನುಷ್ಯ ಒಂದು ವಸ್ತುವಿಗೆ ಹತ್ತಾರು ಸಾವಿರ ಕೊಡುವಾಗ ಎಷ್ಟು ವರ್ಷ ಬರುತ್ತೆ ಅಂತ ಕೇಳದೆ ಇನ್ನೇನು ಕೇಳಬೇಕು?

ಹಳೇ ಫೋನಿನ ವಿಷಯ ಹೇಳಲೇಬೇಕು. ಅದರಲ್ಲಿ ತಪ್ಪು ನನ್ನದು. 2019ರ ಹಬ್ಬದ ಸೇಲ್‌ನಲ್ಲಿ ಬೆಂಗಳೂರಿನಲ್ಲಿ ಕೂತು ಆರ್ಡರ್ ಮಾಡಿ ಊರಿಗೆ ಕಳಿಸಿದ್ದೆ. 2 ಜಿಬಿ ರ್‍ಯಾಮ್, 32 ಜಿಬಿ ಜಾಗ. ರಿಯಾಯಿತಿ ನೋಡಿದೆ, ಬೇರೆ ಏನೂ ನೋಡಲಿಲ್ಲ. ಮೊನ್ನೆ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಅದಕ್ಕೆ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಬಂದಿದ್ದು 2021ರಲ್ಲಿ. ಅಲ್ಲಿಂದ ಈಚೆಗೆ ಅಪ್ಪ ಅದೇ ಫೋನಿನಲ್ಲಿ ಕಾಯಿ ಕೀಳುವವರಿಗೆ ದುಡ್ಡು ಹಾಕಿದ್ದಾರೆ, ಬ್ಯಾಂಕ್ ಬ್ಯಾಲೆನ್ಸ್ ನೋಡಿದ್ದಾರೆ. ತೋಟದ ಮಧ್ಯೆ ನಿಂತು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ಹಾಕೋಕೆ ಒದ್ದಾಡಿದ್ದಾರೆ.

ಒಂದು ದಿನವೂ ಫೋನ್ ಸರಿಯಿಲ್ಲ ಅಂತ ಹೇಳಲಿಲ್ಲ. ಯಾಕೆ ಗೊತ್ತಾ? ತಪ್ಪು ತನ್ನ ಬೆರಳಿನದು ಅಂದುಕೊಂಡಿದ್ದರು. ಸಿಪ್ಪೆ ಸುಲಿದು ಸುಲಿದು ಬೆರಳು ಒರಟಾಗಿದೆ, ಅದಕ್ಕೇ ಒತ್ತಿದ್ದು ಗೊತ್ತಾಗಲ್ಲ ಅಂತ. ಫೋನ್ ಮುಟ್ಟೋ ಮೊದಲು ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಆಮೇಲೆ ತೋರುಬೆರಳಿನ ತುದಿಯನ್ನು ನಿಧಾನಕ್ಕೆ ಇಡುತ್ತಿದ್ದರು. ನಾನು ಇದನ್ನು ಕಣ್ಣಾರೆ ನೋಡಿದ್ದು ಈ ಸಲ ಊರಿಗೆ ಬಂದಾಗ. ಅಳು ಬಂತು. ಸತ್ತುಹೋಗುತ್ತಿದ್ದ ಫೋನಿನ ತಪ್ಪನ್ನು ಅವರು ಅಷ್ಟು ವರ್ಷ ತಮ್ಮ ಮೇಲೆ ಹಾಕಿಕೊಂಡಿದ್ದರು.

ಅಪ್‌ಡೇಟ್ ಅಂದರೆ ಹೊಸ ಐಕಾನ್, ಹೊಸ ಬಣ್ಣ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಆಂಡ್ರಾಯ್ಡ್‌ನಲ್ಲಿ (ಫೋನ್ ನಡೆಸೋ ತಂತ್ರಾಂಶ ಅದು) ಸಿಗುವ, ಕಳ್ಳರು ನುಗ್ಗಬಹುದಾದ ತೂತುಗಳಿಗೆ ಗೂಗಲ್ ಆಗಾಗ ತೇಪೆ ಹಾಕುತ್ತೆ. ಅದನ್ನು ನಮ್ಮ ಫೋನಿಗೆ ತಲುಪಿಸಬೇಕಾದ್ದು ಫೋನ್ ಮಾಡಿದ ಕಂಪನಿ. ಅವರು ಕೈ ಬಿಟ್ಟ ದಿನದಿಂದ ಫೋನ್ ಆನ್ ಆಗುತ್ತೆ, ಕಾಲ್ ಹೋಗುತ್ತೆ, ಆದರೆ ತೂತು ಹಾಗೇ ಇರುತ್ತೆ. ಆಮೇಲೆ ಒಂದೊಂದೇ ಆ್ಯಪ್ ಬಿಟ್ಟು ಹೋಗುತ್ತೆ. ಆಂಡ್ರಾಯ್ಡ್ 4.4 ಇರುವ ಫೋನ್‌ಗಳಲ್ಲಿ 2025ರ ಜನವರಿ 1ರಿಂದ ವಾಟ್ಸ್‌ಆ್ಯಪ್ ನಿಂತಿತಲ್ಲ, ಹಾಗೆ.

ಅಂಗಡಿಯಲ್ಲಿ ನಾಲ್ಕೂ ಡಬ್ಬಿ ತಿರುಗಿಸಿ ನೋಡಿದೆ. ಎಂಆರ್‌ಪಿ ಇದೆ. ತಯಾರಾದ ತಿಂಗಳು ಇದೆ. ಯಾವ ದೇಶದಲ್ಲಿ ಮಾಡಿದ್ದು ಅಂತ ಇದೆ. ಎಲ್ಲಿಯವರೆಗೆ ಅಪ್‌ಡೇಟ್ ಕೊಡುತ್ತಾರೆ ಅನ್ನೋದು ಮಾತ್ರ ಒಂದರಲ್ಲೂ ಇಲ್ಲ. ಹತ್ತು ರೂಪಾಯಿ ಬ್ರೆಡ್ಡಿಗೆ ಕೊನೆಯ ತಾರೀಖು ಹಾಕುತ್ತಾರೆ. ಫೋನಿಗೆ ಯಾಕೆ ಹಾಕಬಾರದು?

ಅಗ್ಗದ ಫೋನಿಗೆ ವರ್ಷಗಟ್ಟಲೆ ಅಪ್‌ಡೇಟ್ ಕೊಡೋಕೆ ಆಗಲ್ಲ ಅಂತ ಯಾರಾದರೂ ಅಂದರೆ ಅದು ಸುಳ್ಳು. ಸ್ಯಾಮ್‌ಸಂಗ್‌ನವರು 2024ರ ಅಕ್ಟೋಬರ್‌ನಲ್ಲಿ ಬಿಟ್ಟ ಗ್ಯಾಲಕ್ಸಿ ಎ16 ಫೈವ್ ಜಿಗೆ ಆರು ವರ್ಷ ಅಪ್‌ಡೇಟ್ ಅಂತ ಹೇಳಿದ್ದಾರೆ. ಅದಕ್ಕಿಂತ ಅಗ್ಗದ ಎ06 ಫೈವ್ ಜಿಗೂ ನಾಲ್ಕು ವರ್ಷ ಅಂದಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ: ಒಂದು ಮಾಡೆಲ್ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ಬಿಡಿಭಾಗಗಳು ಏಳು ವರ್ಷ ಸಿಗಬೇಕು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ (ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ ವೆಬ್‌ಸೈಟ್) ಶುರು ಮಾಡಿತು. ಒಳ್ಳೇದೇ. ಆದರೆ ತಿಪಟೂರಿನ ಕೌಂಟರ್ ಮುಂದೆ ನಿಂತ ಅಪ್ಪನಿಗೆ ಬೇಕಾಗಿದ್ದು ಡಬ್ಬಿ ಮೇಲೆ ಒಂದು ಸಾಲು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ನೆನಪಿಡಿ. ಕಂಪನಿಯವರು ಹೇಳುವ ಆರು ವರ್ಷ, ನಾಲ್ಕು ವರ್ಷ ಎಲ್ಲ ಸಾಮಾನ್ಯವಾಗಿ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ ಲೆಕ್ಕ. ನೀವು ಕೊಂಡ ದಿನದಿಂದ ಅಲ್ಲ. ಸೇಲ್‌ನಲ್ಲಿ ಎರಡು ಸಾವಿರ ಕಮ್ಮಿಗೆ ಸಿಗುವ ಹಳೇ ಮಾಡೆಲ್‌ನಲ್ಲಿ ಒಂದೂವರೆ ವರ್ಷ ಆಗಲೇ ಖರ್ಚಾಗಿರುತ್ತೆ. ನಾನು 2019ರಲ್ಲಿ ಅಪ್ಪನಿಗೆ ಮಾಡಿದ್ದು ಇದೇ.

"ಹತ್ತು ಸಾವಿರದ ಫೋನಿಗೆ ಇಷ್ಟೆಲ್ಲ ಯಾಕೆ, ಎರಡು ವರ್ಷ ಬಳಸಿ ಬಿಸಾಕಿದರಾಯ್ತು" ಅಂತ ನನ್ನ ತಮ್ಮ ಕಾರಿನಲ್ಲೇ ಅಂದ. ನಿಮ್ಮಲ್ಲೂ ಕೆಲವರು ಅನ್ನುತ್ತೀರಿ. ಸರಿ, ಲೆಕ್ಕವೇ ಹಾಕೋಣ. ಒಂಬತ್ತು ಸಾವಿರದ ಫೋನ್ ಎರಡು ವರ್ಷ ಬಂದರೆ ವರ್ಷಕ್ಕೆ ನಾಲ್ಕೂವರೆ ಸಾವಿರ. ಹದಿನೈದು ಸಾವಿರದ್ದು ಐದು ವರ್ಷ ಬಂದರೆ ವರ್ಷಕ್ಕೆ ಮೂರು ಸಾವಿರ. ಮಧ್ಯೆ ಒಂದು ಸಲ ಬ್ಯಾಟರಿ ಹಾಕಿಸಿದರೂ ಎರಡನೆಯದೇ ಅಗ್ಗ. ಪ್ರತಿ ಸಲ ಹೊಸದು ಕೊಂಡಾಗಲೂ 18 ಪರ್ಸೆಂಟ್ ಜಿಎಸ್‌ಟಿ ಕಟ್ಟಬೇಕು. ದುಡ್ಡು ಬಿಡಿ. ಎಪ್ಪತ್ತರ ಹತ್ತಿರ ಇರುವವರು ಎರಡು ವರ್ಷಕ್ಕೊಮ್ಮೆ ಎಲ್ಲ ಆ್ಯಪ್ ಮತ್ತೆ ಹಾಕಿ, ಒಟಿಪಿ ಕೊಟ್ಟು, ಯುಪಿಐ ಪಿನ್ ಮತ್ತೆ ಹಾಕಿ, ಯಾವುದು ಎಲ್ಲಿದೆ ಅಂತ ಮೊದಲಿಂದ ಕಲಿಯಬೇಕು. ಆ ಕಷ್ಟಕ್ಕೆ ತಮ್ಮನ ಲೆಕ್ಕದಲ್ಲಿ ಜಾಗವೇ ಇಲ್ಲ.

ಎಂಟು ಜಿಬಿ ರ್‍ಯಾಮ್ ಅಂದನಲ್ಲ, ಚೀಟಿಯ ಮೂಲೆಯಲ್ಲಿ ಸಣ್ಣಕ್ಕೆ 4+4 ಅಂತ ಇತ್ತು. ರ್‍ಯಾಮ್ ಅಂದರೆ ಆ್ಯಪ್ ಓಡುವಾಗ ಫೋನ್ ಬಳಸೋ ಕೆಲಸದ ಜಾಗ. ನಿಜವಾದ್ದು ನಾಲ್ಕೇ. ಇನ್ನು ನಾಲ್ಕು ಫೋನಿನ ಸ್ಟೋರೇಜ್‌ನಿಂದ ಎರವಲು ತಂದಿದ್ದು. ಸ್ಟೋರೇಜ್ ಎಷ್ಟಾದರೂ ರ್‍ಯಾಮ್‌ನಷ್ಟು ಚುರುಕಲ್ಲ. ಅಡುಗೆಮನೆ ಸಾಲದು ಅಂತ ಅಟ್ಟವನ್ನೂ ಅಡುಗೆಮನೆ ಲೆಕ್ಕಕ್ಕೆ ಸೇರಿಸಿದ ಹಾಗೆ ಅದು. ಪಾತ್ರೆ ಇಡಬಹುದು, ಒಲೆ ಉರಿಯಲ್ಲ. ಮೆಗಾಪಿಕ್ಸೆಲ್ ಕಥೆಯೂ ಇಷ್ಟೇ. ಐವತ್ತು ಅನ್ನುವ ಕ್ಯಾಮೆರಾಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ (ಚಿತ್ರದ ಚುಕ್ಕಿ) ಸೇರಿಸಿ ಒಂದು ಮಾಡಿ ಹನ್ನೆರಡೂವರೆ ಮೆಗಾಪಿಕ್ಸೆಲ್‌ನ ಫೋಟೊ ಕೊಡುತ್ತವೆ. ಅದು ಕೆಟ್ಟದ್ದಲ್ಲ. ಆದರೆ ದೊಡ್ಡ ಅಕ್ಷರದಲ್ಲಿ ಹಾಕೋದು ಐವತ್ತನ್ನೇ.

ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂತ ಹೇಳುವವರಿಗೆ ಒಂದು ಮಾತು. ತಗೊಳ್ಳುವುದಾದರೆ *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ನೋಡಿ, KYM ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕದ್ದ ಫೋನ್ ಅಂತ ದೂರು ದಾಖಲಾಗಿದ್ದರೆ ಗೊತ್ತಾಗುತ್ತೆ. ಅಲ್ಲೂ ನನ್ನ ಪ್ರಶ್ನೆ ಅದೇ: ಅಪ್‌ಡೇಟ್ ಇನ್ನೆಷ್ಟು ಉಳಿದಿದೆ?

ಕೊನೆಗೆ ಆ ಅಂಗಡಿ ಬಿಟ್ಟು ಬಸ್ ಸ್ಟ್ಯಾಂಡ್ ಕಡೆ ಇರುವ ಇನ್ನೊಂದಕ್ಕೆ ಹೋಗಿ ಎ16 ಫೈವ್ ಜಿ ತಗೊಂಡೆವು. ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಆಯ್ತು. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ದುಡ್ಡು ಜಾಸ್ತಿಯಾಯ್ತು ಅಂತ ಬೇಸರ ಅಂದುಕೊಂಡಿದ್ದೆ.

ಮನೆಗೆ ಬಂದು ಕಾಫಿ ಕುಡಿದ ಮೇಲೆ ಕೇಳಿದರು, "ಯಾವ ತಿಂಗಳವರೆಗೆ ಅಂದೆ?" ಮಾಡೆಲ್ ಬಂದ ದಿನದಿಂದ ಲೆಕ್ಕ ಹಾಕಿದರೆ 2030ರ ಅಕ್ಟೋಬರ್ ಅಂದೆ. ಅಟ್ಟಕ್ಕೆ ಕಾಯಿ ಹಾಕಿದಾಗೆಲ್ಲ ತೊಲೆ ಮೇಲೆ ತಿಂಗಳು ಬರೆಯೋಕೆ ಇಟ್ಟಿರುವ ಸೀಮೆಸುಣ್ಣ ತಂದರು. ಡಬ್ಬಿ ಮೇಲೆ ಅದು ಹಿಡಿಯಲಿಲ್ಲ. ನನ್ನ ಪೆನ್ನು ಇಸ್ಕೊಂಡು ಮುಚ್ಚಳದ ಒಳಗಡೆ ಬರೆದರು: ಅಕ್ಟೋಬರ್ 2030. ಆಮೇಲೆ ಫೋನ್ ಕೈಗೆ ತಗೊಂಡರು. ಬಚ್ಚಲ ಕಡೆ ಹೊರಟವರನ್ನು ನಾನು ತಡೆದೆ. ಹಾಗೇ ಮುಟ್ಟಿ ಅಪ್ಪಾ ಅಂದೆ. ಮುಟ್ಟಿದರು. ಒಂದೇ ಸಲಕ್ಕೆ ತೆರೆಯಿತು.