ಬಿಸಿಲಿಗೆ ಹಣ ಬಂತು, ತಂತಿಗೆ ಬರಲಿಲ್ಲ

ಮೊನ್ನೆ ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ನಾನು ವಿಯೆಟ್ನಾಂನ ದಕ್ಷಿಣದ ಒಂದು ಸೌರ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದೆ. ಹಿಂದೆ ನಿನ್ ಥುವಾನ್ ಎನ್ನಿಸಿಕೊಳ್ಳುತ್ತಿದ್ದ, 2025ರ ಜುಲೈಯಿಂದ ಖಾನ್ ಹ್ವಾ ಪ್ರಾಂತ್ಯಕ್ಕೆ ಸೇರಿರುವ ಈ ಸೀಮೆ ಆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗ. ಕಲ್ಲುಗುಡ್ಡ, ಒಣಗಾಳಿ, ಕುರಿಮಂದೆ ಎಲ್ಲವೂ ಇವೆ. ಪಾವಗಡದ ಕಡೆ ಓಡಾಡಿದವರಿಗೆ ಇಲ್ಲಿ ಪರಸ್ಥಳವೆಂಬ ಭಾವನೆಯೇ ಬರುವುದಿಲ್ಲ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ, ಫಲಕಗಳ ನೆರಳಿನಲ್ಲಿ ಕುರಿಗಳು ಮಲಗಿದ್ದವು. ಆಗ ಯಾವ ಸ್ಥಾವರ ಎಷ್ಟು ವಿದ್ಯುತ್ ಕೊಡಬೇಕೆಂದು ನಿರ್ಧರಿಸುವ ಲೋಡ್ ಡಿಸ್ಪ್ಯಾಚ್ ಸೆಂಟರಿನಿಂದ ಉತ್ಪಾದನೆ ತಗ್ಗಿಸಿ ಎಂಬ ಆದೇಶ ಬಂತು. ಪಾಳಿಯಲ್ಲಿದ್ದ ಹುಡುಗ ಹೊಸ ಮಿತಿಯನ್ನು ಕಂಪ್ಯೂಟರಿಗೆ ಊಡಿಸಿದ ಕೂಡಲೇ, ಗುಡ್ಡ ಹತ್ತುವಂತೆ ಏರುತ್ತಿದ್ದ ಉತ್ಪಾದನೆಯ ಗೆರೆ ಒಂದೆರಡು ನಿಮಿಷದಲ್ಲಿ ಅರ್ಧಕ್ಕಿಂತ ಕೆಳಗಿಳಿದು ಮಟ್ಟಸವಾಗಿ ನಿಂತಿತು. ಅವನು ರಿಜಿಸ್ಟರ್ ತೆರೆದು ಸಮಯವನ್ನು ಬರೆದುಕೊಂಡ. ಅದೇ ಪುಟದಲ್ಲಿ ಆ ವಾರದ್ದೇ ಇನ್ನೂ ಐದು ನಮೂದುಗಳಿದ್ದವು.

ನನ್ನ ಅಪ್ಪ ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆಗಿದ್ದರೆಂಬುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಮನೆಯಲ್ಲಿ ಉರಿಯುವ ದೀಪವೊಂದು ಹೆಚ್ಚಾದರೂ ಸಹಿಸದ ಮನುಷ್ಯ ಅವರು. ಬೆಳೆದ ಕರೆಂಟನ್ನು ಹೀಗೆ ಬಿಡುವುದನ್ನು ಕಂಡರೆ ನನಗೆ ತಟ್ಟೆಯ ಅನ್ನವನ್ನು ಚೆಲ್ಲಿದಷ್ಟೇ ಸಂಕಟವಾಗುತ್ತದೆ. ಎರಡು ದಿನವಾದರೂ ಆ ಮಟ್ಟಸವಾದ ಗೆರೆ ಕಣ್ಣಿಂದ ಹೋಗಿಲ್ಲ, ಅದಕ್ಕಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಆಗಿದ್ದು ಇಷ್ಟು. 2017ರಲ್ಲಿ ವಿಯೆಟ್ನಾಂ ಸರ್ಕಾರ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9.35 ಅಮೆರಿಕನ್ ಸೆಂಟ್‌ಗಳ ಖರೀದಿ ದರವನ್ನು ಘೋಷಿಸಿ, 2019ರ ಜೂನ್ 30ರೊಳಗೆ ಚಾಲನೆಗೊಂಡವರಿಗೆ ಮಾತ್ರ ಅದು ಸಿಗುತ್ತದೆ ಎಂದಿತು. 2020ರ ಹೊತ್ತಿಗೆ 850 ಮೆಗಾವ್ಯಾಟ್ ಸೌರಶಕ್ತಿ ಸಾಕೆಂಬುದು ಆ ದೇಶದ ವಿದ್ಯುತ್ ಯೋಜನೆಯ ಲೆಕ್ಕ. ಆದರೆ ಗಡುವು ಮುಗಿಯುವಷ್ಟರಲ್ಲೇ ಎಂಬತ್ತಕ್ಕೂ ಹೆಚ್ಚು ಸ್ಥಾವರಗಳು ವಿದ್ಯುತ್ ಜಾಲಕ್ಕೆ ಸೇರಿ 4,400 ಮೆಗಾವ್ಯಾಟ್ ದಾಟಿತ್ತು. ಎರಡನೆಯ ಸುತ್ತಿನ ದರ ಮುಗಿದ 2020ರ ಕೊನೆಗೆ ಮನೆ, ಕಾರ್ಖಾನೆಗಳ ಚಾವಣಿಯದ್ದೂ ಸೇರಿ ಸುಮಾರು 16,500 ಮೆಗಾವ್ಯಾಟ್ ಆಗಿತ್ತು. ಇದು ಸಣ್ಣ ಸಾಧನೆಯಲ್ಲ, ಮನಸ್ಸು ತುಂಬಿ ಹೊಗಳುತ್ತೇನೆ. ಆದರೆ ಫಲಕಕ್ಕೆ ದರವಿತ್ತು, ತಂತಿಗೆ ಇರಲಿಲ್ಲ. ವಿದ್ಯುತ್ತನ್ನು ದೂರ ಸಾಗಿಸುವ ಪ್ರಸರಣ ಮಾರ್ಗ ಕಟ್ಟುವ ಹಕ್ಕು ಸರ್ಕಾರಿ ಸಂಸ್ಥೆಯೊಂದರ ಕೈಯಲ್ಲೇ ಇತ್ತು. ಖಾಸಗಿಯವರಿಗೂ ಅವಕಾಶ ಕೊಡುವ ಕಾನೂನು ತಿದ್ದುಪಡಿ ಬಂದಿದ್ದು 2022ರಲ್ಲಿ. ಅಷ್ಟರಲ್ಲಿ ಬಿಸಿಲಿರುವ ಎರಡು ಮೂರು ಪ್ರಾಂತ್ಯಗಳ ಲೈನುಗಳು ಹೊರಲಾರದಷ್ಟು ಹೊರೆ ಹೊತ್ತು ನಿಂತಿದ್ದವು. ಉತ್ಪಾದನೆ ತಗ್ಗಿಸಿ ಎಂಬ ಆದೇಶದಿಂದ ಕಡಿತಗೊಂಡ ಯೂನಿಟ್‌ಗಳಿಗೆ ಉತ್ಪಾದಕರಿಗೆ ಪರಿಹಾರವೂ ಇರಲಿಲ್ಲ.

ಇನ್ನು 2023ರ ಮೇ, ಜೂನ್ ತಿಂಗಳುಗಳು. ಉತ್ತರದ ಜಲಾಶಯಗಳು ಬತ್ತಿದವು, ಕಲ್ಲಿದ್ದಲು ಸ್ಥಾವರಗಳು ಕೆಟ್ಟು ನಿಂತವು, ಬಾಕ್ ನಿನ್ ಮತ್ತು ಬಾಕ್ ಜ್ಯಾಂಗ್‌ನ ಕೈಗಾರಿಕಾ ಪ್ರದೇಶಗಳು ಕತ್ತಲಾದವು. ಆ ನಷ್ಟವನ್ನು ವಿಶ್ವಬ್ಯಾಂಕ್ 140 ಕೋಟಿ ಡಾಲರ್ ಎಂದು ಅಂದಾಜಿಸಿತು. ಒಂದೇ ದೇಶದ ದಕ್ಷಿಣ ತುದಿಯಲ್ಲಿ ಹಗಲಿನ ಕರೆಂಟಿಗೆ ಗಿರಾಕಿಯಿಲ್ಲ, ಉತ್ತರ ತುದಿಯಲ್ಲಿ ಕಾರ್ಖಾನೆಗೆ ಬೀಗ. ನಡುವೆ ಸಾಕಷ್ಟು ತಂತಿ ಇರಲಿಲ್ಲ.

ತಂತಿಯನ್ನು ಮೊದಲೇ ಏಕೆ ಕಟ್ಟಲಿಲ್ಲವೆಂದು ಕೇಳಿದರೆ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ. ಸೌರ ಸ್ಥಾವರವನ್ನು ಒಂದು ವರ್ಷದಲ್ಲಿ ಕಟ್ಟಬಹುದು, ಲೈನಿಗೆ ಜಮೀನು, ಕಾಡು, ಪರಿಹಾರ ಎಂದು ಐದಾರು ವರ್ಷ ಬೇಕು, ಆದ್ದರಿಂದ ಮೊದಲು ಉತ್ಪಾದನೆ ಬರಲಿ, ತಂತಿ ಹಿಂದೆಯೇ ಬರುತ್ತದೆ ಎನ್ನುತ್ತಾರೆ. ಆದರೆ ಕತ್ತಲೆಯ ಬಿಸಿ ತಟ್ಟಿದ ಮೇಲೆ ಇದೇ ವಿಯೆಟ್ನಾಂ ದೇಶದ ನಡುಭಾಗದ ಕ್ವಾಂಗ್ ಚಾಕ್‌ನಿಂದ ಉತ್ತರದ ಫೋ ನೋಯ್‌ವರೆಗೆ 519 ಕಿಲೋಮೀಟರ್ ಉದ್ದದ 500 ಕಿಲೋವೋಲ್ಟ್ ಲೈನನ್ನು, ಸಾವಿರಕ್ಕೂ ಹೆಚ್ಚು ಟವರ್‌ಗಳನ್ನು ನಿಲ್ಲಿಸಿ, ಒಂದು ವರ್ಷದೊಳಗೆ ಕಟ್ಟಿ 2024ರ ಆಗಸ್ಟ್‌ನಲ್ಲಿ ಚಾಲನೆ ಕೊಟ್ಟಿತು. ಟವರುಗಳ ಮೇಲೆ ಹಗಲೂ ರಾತ್ರಿ ದುಡಿದವರ ಚಿತ್ರಗಳನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಆಗದ ಕೆಲಸವಾಗಿದ್ದರೆ ಅದು ಆಗುತ್ತಿರಲಿಲ್ಲ. ಜಾಗದ ಆಯ್ಕೆಯಲ್ಲೂ ವಿವೇಕ ಸಾಧ್ಯವಿದೆ: 2023ರ ನವೆಂಬರ್‌ನಲ್ಲಿ ಇಂಡೋನೇಷ್ಯಾ ಉದ್ಘಾಟಿಸಿದ 192 ಮೆಗಾವ್ಯಾಟ್‌ನ ತೇಲುವ ಸೌರ ಸ್ಥಾವರ ಇರುವುದು ಪಶ್ಚಿಮ ಜಾವಾದ ಸಿರಾಟ ಜಲಾಶಯದ ಮೇಲೆ. ಅಲ್ಲಿ ಜಲವಿದ್ಯುತ್ ಸ್ಥಾವರ ಮೊದಲೇ ಇತ್ತು, ಲೈನೂ ಹತ್ತಿರದಲ್ಲಿತ್ತು, ಕರೆಂಟು ಬೇಕಾದ ಊರುಗಳೂ ಹತ್ತಿರದಲ್ಲಿದ್ದವು.

ನೆರವು ನೀಡುವವರು ತಂತಿಗೆ ಬಿಡಿಗಾಸೂ ಕೊಟ್ಟಿಲ್ಲವೆಂದು ನಾನು ಹೇಳುತ್ತಿಲ್ಲ. ವಿಶ್ವಬ್ಯಾಂಕ್ 2014ರಲ್ಲೇ ವಿಯೆಟ್ನಾಂನ ಪ್ರಸರಣ ಜಾಲಕ್ಕೆಂದು 50 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು. ಆದರೆ ಸಭೆಗಳಲ್ಲಿ ಕುಳಿತು ನೋಡಿದವನಾಗಿ ಹೇಳುತ್ತೇನೆ, ಮಾತಿನ ತೂಕವೆಲ್ಲ ಮೆಗಾವ್ಯಾಟ್ ಮೇಲೆಯೇ. 2022ರಲ್ಲಿ ಶ್ರೀಮಂತ ದೇಶಗಳ ಕೂಟ ಮತ್ತು ಖಾಸಗಿ ಬ್ಯಾಂಕುಗಳು ಕಲ್ಲಿದ್ದಲು ಬಿಟ್ಟು ಶುದ್ಧ ವಿದ್ಯುತ್ತಿಗೆ ಹೊರಳಲೆಂದು ಇಂಡೋನೇಷ್ಯಾಕ್ಕೆ 2,000 ಕೋಟಿ, ವಿಯೆಟ್ನಾಂಗೆ 1,550 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟವು. ಅದರ ಬಹುಪಾಲು ಸಾಲ, ಅನುದಾನ ಅತ್ಯಲ್ಪ. 2025ರಲ್ಲಿ ಅಮೆರಿಕ ಆ ಕೂಟದಿಂದಲೇ ಹೊರನಡೆಯಿತು. ಸಾಲ ತೀರಿಸಬೇಕಾದ ದೇಶ ಸಹಜವಾಗಿಯೇ ನಾಳೆ ಆದಾಯ ತರುವ ಸ್ಥಾವರದತ್ತ ನೋಡುತ್ತದೆ. ತಂತಿ, ಟ್ರಾನ್ಸ್‌ಫಾರ್ಮರ್, ಉಪಕೇಂದ್ರ ಎರಡನೆಯ ಸಾಲಿಗೆ ಹೋಗುತ್ತವೆ.

ಈ ತಪ್ಪಿನಲ್ಲಿ ನನ್ನದೂ ಪಾಲಿದೆ. 2018ರಲ್ಲಿ ಇಂಥದೊಂದು ಸ್ಥಾವರದ ತಾಂತ್ರಿಕ ವರದಿಯನ್ನು ಸಿದ್ಧಪಡಿಸಿದ ತಂಡದಲ್ಲಿ ನಾನಿದ್ದೆ. ಬೆಳೆದ ವಿದ್ಯುತ್ತನ್ನು ಸಾಗಿಸುವ ಅಧ್ಯಾಯಕ್ಕೆ ನಾವು ಕೊಟ್ಟದ್ದು ಒಂದೂವರೆ ಪುಟ, ಅದರ ಕೊನೆಯ ವಾಕ್ಯ "ಜಾಲದ ಬಲವರ್ಧನೆ ಸಂಬಂಧಪಟ್ಟ ಸಂಸ್ಥೆಯ ಹೊಣೆ" ಎಂಬುದು. ಆ ವಾಕ್ಯವನ್ನು ಬರೆದವನು ನಾನೇ. ಮೊನ್ನೆ ಆ ಹುಡುಗ ರಿಜಿಸ್ಟರ್‌ನಲ್ಲಿ ಸಮಯ ಬರೆಯುತ್ತಿದ್ದಾಗ ನನಗೆ ನೆನಪಾದದ್ದು ಅದೇ.

ಕಣ್ಣಿಗೆ ಬೀಳದ ಕೆಲಸಕ್ಕೆ ಹಣ ಹಾಕಿದರೆ ಏನಾಗುತ್ತದೆಂಬುದಕ್ಕೆ ಪಕ್ಕದ ಥಾಯ್ಲೆಂಡ್ ಇದೆ. 1993ರಲ್ಲಿ ಅಲ್ಲಿನ ವಿದ್ಯುತ್ ಸಂಸ್ಥೆ ವಿಶ್ವಬ್ಯಾಂಕ್ ಮುಂತಾದವರ ಬೆಂಬಲದೊಂದಿಗೆ ಟ್ಯೂಬ್‌ಲೈಟ್ ತಯಾರಕರನ್ನು ಕೂರಿಸಿಕೊಂಡು ಮಾತಾಡಿ, 40 ವ್ಯಾಟ್‌ನ ದಪ್ಪ ಟ್ಯೂಬಿನ ಬದಲು 36 ವ್ಯಾಟ್‌ನ ತೆಳು ಟ್ಯೂಬನ್ನೇ ಮಾಡಲು ಒಪ್ಪಿಸಿತು. ಫ್ರಿಜ್‌ಗಳಿಗೆ ದಕ್ಷತೆಯ ಚೀಟಿ ಅಂಟಿಸಿತು. ಇಂದಿಗೂ ಅಲ್ಲಿನ ಗೃಹಿಣಿಯರು ಅಂಗಡಿಯಲ್ಲಿ ಕೇಳುವುದು ಅತಿ ಹೆಚ್ಚು ದಕ್ಷತೆಯ ಗುರುತಾದ "5ನೇ ನಂಬರ್" ಇರುವ ಚೀಟಿಯನ್ನೇ. 2000ದ ಹೊತ್ತಿಗೆ ಗರಿಷ್ಠ ಬೇಡಿಕೆಯಲ್ಲಿ 500 ಮೆಗಾವ್ಯಾಟ್‌ಗೂ ಹೆಚ್ಚು ಉಳಿತಾಯವಾಗಿತ್ತು. ಒಂದು ಟ್ಯೂಬಿಗೆ ಉಳಿದದ್ದು ನಾಲ್ಕೇ ವ್ಯಾಟ್.

ಜಕಾರ್ತ, ಮನಿಲಾ, ಹನೋಯ್‌ಗಳಲ್ಲಿ ಸ್ಥಾವರಗಳ ವರದಿ ನೋಡುವ ಇದೇ ಕೆಲಸ ಮಾಡುತ್ತಿರುವ ಕನ್ನಡದ ಗೆಳೆಯರು ಈ ಪತ್ರ ತಲುಪುವವರ ಪಟ್ಟಿಯಲ್ಲಿ ನಾಲ್ಕೈದು ಜನ ಇದ್ದೀರಿ. ದಯವಿಟ್ಟು ಫಲಕಗಳ ನಕ್ಷೆ ನೋಡುವ ಮೊದಲು ಲೈನಿನ ನಕ್ಷೆ ಕೇಳಿ. ಮುಂದಿನ ತಿಂಗಳು ನನ್ನ ಮೇಜಿಗೆ ಇನ್ನೊಂದು ಸ್ಥಾವರದ ವರದಿ ಬರಲಿದೆ. ಕರೆಂಟು ಯಾವ ತಂತಿಯಲ್ಲಿ, ಎಷ್ಟು ದೂರ, ಯಾವ ವರ್ಷದಿಂದ ಹೋಗುತ್ತದೆ, ಆ ತಂತಿಗೆ ಹಣ ಕೊಡುವವರು ಯಾರು ಎಂಬುದು ಅದರಲ್ಲಿ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲವೆಂದು ಇಂದು ಬೆಳಿಗ್ಗೆಯೇ ಬರೆದು ಕಳುಹಿಸಿದ್ದೇನೆ.